ಮೇಲಕ್ಕೆ ಹರಿದ ಪಾಕ

“ಒಬ್ಬ ಮಗನ ಕೈ ಓಯ್ತು. ಇನ್ನೊಬ್ಬನ್ನ ಸಂಜೆಗೆ ಸ್ಟೇಷನ್ನಿಗೆ ಎಳ್ಕಂಡೋಯ್ತಾರೆ. ನೀನೇ ದಿಕ್ಕು ಕಣಕ್ಕ!”

ಚಿನಕುರಳಿಯ ಮಾರಮ್ಮ ಪಾಂಡವಪುರದ ನಮ್ಮ ಮನೆಯ ಜಗುಲಿಯ ಮೇಲೆ ಕುಸಿದು ಕುಳಿತಳು. ಅವಳು ಅಕ್ಕ ಎಂದದ್ದು ನನ್ನ ಹೆಂಡತಿ ಚಲುವಮ್ಮನಿಗೆ. ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ಇವಳು ನಿವೃತ್ತಳಾದರೂ ಸುತ್ತಲ ಊರಿನವರು ಬಿಡಬೇಕಲ್ಲ! ನಾನು ಪುಟ್ಟಸ್ವಾಮಿ, ಅವಳ ಗಂಡ. ಸ್ಕೂಟರ್ ಓಡಿಸುವುದು ಮತ್ತು ಹೆದರುವುದು ನನ್ನ ಪಾಲಿನ ಕೆಲಸ.

ಮಾರಮ್ಮನ ಇಬ್ಬರು ಮಕ್ಕಳೂ ಶಿವಶಂಕರ್ ಅವರ ಆಲೆಮನೆಯಲ್ಲಿ ದುಡಿಯುತ್ತಿದ್ದರು. ಕಬ್ಬು ಅರೆಯುವ ಗಾಣದ ಮೋಟರು ಚಾಲೂ, ಬಂದ್ ಮಾಡಲು ಅಲ್ಲಿ ಮೊಬೈಲ್ ಆ್ಯಪು. ಪಾಕ ಮೆತ್ತಿದ ಬೆರಳಿಗೆ ಫೋನಿನ ಪರದೆ ಜಗ್ಗುವುದಿಲ್ಲ. ಅದಕ್ಕೇ ಕಿರಿಯವನಾದ ರಾಹುಲ್, ಸದ್ದು ಏರಿಸಿ ಇಳಿಸುವ ಪಕ್ಕದ ಗುಂಡಿಗಳಿಗೆ ಆ ಕೆಲಸ ಹೊಂದಿಸಿದ್ದ. ಮೇಲಿನದು ಒತ್ತಿದರೆ ಗಾಣ ಚಾಲೂ, ಕೆಳಗಿನದು ಒತ್ತಿದರೆ ಬಂದ್.

ಹಿಂದಿನ ದಿನ ಬೆಳಿಗ್ಗೆ ಅಣ್ಣತಮ್ಮಂದಿರಿಗೆ ಜಗಳವಾಗಿ, “ನಿನ್ ಕೈ ಸೇದೋಗ!” ಎಂದು ರಾಹುಲ್ ಶಪಿಸಿದ್ದನ್ನು ಎಲ್ಲರೂ ಕೇಳಿದ್ದರು. ಊಟವಾದ ಮೇಲೆ ಅಣ್ಣ ಕೃಷ್ಣ, ನಿಂತಿದ್ದ ಗಾಣದೊಳಗಿನ ಸಿಪ್ಪೆ ತೆಗೆಯಲು ಕೈ ಹಾಕಿದ. ಗಾಣ ತಿರುಗಿತು, ಎರಡು ಬೆರಳು ಹೋದವು. ಆ್ಯಪು ಇದ್ದದ್ದು ಎರಡೇ ಫೋನಿನಲ್ಲಿ: ಗಾಣದ ಪಕ್ಕದ ಕಂಬದಲ್ಲಿದ್ದ ಹಳೆಯದರಲ್ಲಿ, ರಾಹುಲನ ಜೇಬಿನದರಲ್ಲಿ. ಊರಿಗೆ ಇನ್ನೇನು ಬೇಕು?

ಮೊದಲು ಕೃಷ್ಣನ ಮನೆಗೆ ಹೋದೆವು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಅವನು ಹೇಳಿದ: “ಗಾಣ ನಿಂತಿದ್ರೂವೆ, ಕೈ ಆಕೋಕೆ ಮುಂಚೆ ಇನ್ನೊಂದ್ಸಲ ಬಂದ್ ಗುಂಡಿ ಒತ್ತೋದು ನನ್ ರೂಢಿ. ಒಗೇಲಿ ಕಣ್ ಕಾಣಲ್ಲ, ತಡವಿ ಒತ್ತೋದೆಯ. ನೆನ್ನೇನೂ ಒತ್ತಿದೆ. ಫೋನು ಚಾರ್ಜಿಲ್ದೆ ಕೆಂಪು ತೋರುಸ್ತದೆ ಅಂತ ಊಟಕ್ಕೋಗೋವಾಗ ಕೂಗಿ ಏಳಿದ್ದೆ.”

“ಅಂಗಾದ್ರೆ ಚಾಲೂ ಮಾಡ್ದೋರ್ಯಾರು?” ಚಲುವಮ್ಮ ಕೇಳಿದಳು.

ಕೃಷ್ಣ ಗೋಡೆಯ ಕಡೆ ತಿರುಗಿದ. “ನನ್ ತಮ್ಮನೇ ಕಣಕ್ಕ.”

ಬಾಗಿಲಲ್ಲಿ ನಿಂತಿದ್ದ ರಾಹುಲ್ ಅದನ್ನು ಕೇಳಿ ಅಂಗಳಕ್ಕೆ ಇಳಿದುಹೋದ.

ಆಲೆಮನೆಯಲ್ಲಿ ಶಿವಶಂಕರ್ ದೂರು ಬರೆಸಲು ಹೊರಟು ನಿಂತಿದ್ದರು. “ನಾನು ಮನೆಯಲ್ಲಿ ಮಲಗಿದ್ದೆ. ಕಿರುಚಿದ್ದು ಕೇಳಿ ಓಡಿ ಬಂದೆ. ಪೊಲೀಸರು ನೋಡಲಿ ಅಂತ ಫೋನನ್ನು ಯಾರೂ ಮುಟ್ಟದ ಹಾಗೆ ಕಾದಿದ್ದೀನಿ.”

ಕಂಬಕ್ಕೆ ಹೊಡೆದ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಫೋನು ನೆಟ್ಟಗೆ ಸಿಕ್ಕಿಕೊಂಡಿತ್ತು. ಹೊಗೆ ಹಿಡಿದ ಪ್ಲಾಸ್ಟಿಕ್ ಕವರಿನಲ್ಲಿ ಹಿಂದೆ ಯಾವುದು, ಮುಂದೆ ಯಾವುದು ತಿಳಿಯುತ್ತಿರಲಿಲ್ಲ. ಕರೆಂಟಿನ ಸಾಕೆಟ್ಟು ಅದರ ನೆತ್ತಿಯ ಮೇಲಿತ್ತು. ಮೇಲಿನ ಗುಂಡಿಯ ಮೇಲೆ ಪಾಕದ ಹೆಬ್ಬೆಟ್ಟಿನ ಗುರುತು. ಅಲ್ಲಿಂದ ಫೋನಿನ ತಲೆಯವರೆಗೆ ಒಂದು ಗೆರೆ ಹರಿದು ಒಣಗಿತ್ತು. ಚಲುವಮ್ಮ ಫೋನು ಬೆಳಗಿಸಿ ನೋಡಿದಳು. ಚಾರ್ಜು ಅರ್ಧಕ್ಕಿಂತ ಹೆಚ್ಚಿತ್ತು. “ಎಲ್ಲಾರ್ನೂ ಕರ್ಕೊಂಬನ್ನಿ” ಎಂದು ನನ್ನನ್ನು ಓಡಿಸಿದಳು. ಸಂಜೆ ಹತ್ತಿರವಾಗುತ್ತಿತ್ತು, ಸ್ಕೂಟರನ್ನು ಜೋರಾಗಿ ಓಡಿಸಿದೆ.

ಎಲ್ಲರೂ ಸೇರಿದ ಮೇಲೆ ಅವಳು ಗೆರೆ ತೋರಿಸಿದಳು. “ಪಾಕ ಯಾವತ್ತಾದ್ರೂ ಮೇಲಕ್ಕೆ ಹರಿತದಾ?”

ಎಲ್ಲರೂ ಕಂಬದ ಹತ್ತಿರ ಬಗ್ಗಿ ನೋಡಿದರು.

“ಹರಿಯಲ್ಲ. ಕೃಷ್ಣ ಒತ್ತಿದಾಗ ಫೋನು ತಲೆಕೆಳಗಾಗಿತ್ತು, ಮುಖ ಕಂಬದ ಕಡೆಗಿತ್ತು. ಅಂಗೆ ಮಗುಚಿದ್ರೆ ಗುಂಡಿ ಅದೇ ಪಕ್ಕದಲ್ಲೇ ಇರ್ತವೆ, ಆದ್ರೆ ಮೇಲಿಂದು ಕೆಳಕ್ಕೆ ಬತ್ತದೆ. ಬಂದ್ ಅಂತ ಅವನು ತಡವಿ ಒತ್ತಿದ್ದೇ ಚಾಲೂ ಗುಂಡಿ. ಸಿಗ್ನಲ್ ಹೋಗಿ ಮೋಟರು ಹತ್ತೋವಷ್ಟ್ರಲ್ಲಿ ಕೈ ಒಳಗಿತ್ತು.”

“ಮಗುಚಿದ್ದು ಯಾರು?” ನಾನೇ ತಡೆಯಲಾರದೆ ಕೇಳಿದೆ.

“ಚಾರ್ಜಿಗೆ ಆಕಿದೋರು. ಚಾರ್ಜಿನ ತೂತು ಫೋನಿನ ಬುಡದಲ್ಲಿ, ಸಾಕೆಟ್ಟು ಮೇಲೆ. ವೈರು ಗಿಡ್ಡ ಇದ್ರೆ ಮಗುಚಲೇಬೇಕು. ಕೆಂಪಗಾಗಿದ್ದ ಫೋನು, ಯಾರೂ ಮುಟ್ಟದೆ ಹೆಂಗೆ ತುಂಬ್ತು? ಇದಕ್ಕಾಗೋ ಚಾರ್ಜರ್ ಯಾರತ್ರ ಅದೆ?”

ಒಲೆಗೆ ಉರಿ ಹಾಕುವ ಚಿಕ್ಕಯ್ಯ ತಲೆ ಕೆರೆದುಕೊಂಡ. “ಯಜಮಾನ್ರ ತಾವ ಮಾತ್ರವೆ ಕಣವ್ವ. ಕಳೆದೋದಾತು ಅಂತ ಜೇಬಲ್ಲೇ ಮಡಗ್ಕತಾರೆ.”

ಚಲುವಮ್ಮ ಕೈ ಚಾಚಿದಳು. ಶಿವಶಂಕರ್ ಜೇಬಿನಿಂದ ತೆಗೆದ ವೈರು ಗೇಣುದ್ದವೂ ಇರಲಿಲ್ಲ. ಅವರು ಕಬ್ಬಿನ ರಾಶಿಯ ಮೇಲೆ ಕುಳಿತುಬಿಟ್ಟರು.

“ಕೂಗಿದ್ನಲ್ಲ ಅಂತ ಬಂದು ಹಾಕಿ, ಹೊರಗಡೆ ನಿಂತಿದ್ದೆ. ಕಿರುಚಿದಾಗ ಹೊಳೀತು. ಎಲ್ಲಾರೂ ಅವನನ್ನ ಎತ್ಕೊಳ್ಳೋವಾಗ ವೈರು ಕಿತ್ತು ನೆಟ್ಟಗೆ ಮಾಡಿದೆ. ಹೆದರಿಕೆಯಾಯ್ತು ಕಣಮ್ಮ.”

“ಮಗುಚಿದ್ದು ತಪ್ಪು ಸ್ವಾಮಿ, ಗೊತ್ತಿಲ್ದೆ ಆಯ್ತು. ನೆಟ್ಟಗೆ ಮಾಡಿದ್ದಿದೆಯಲ್ಲ, ಅದು ಅಪರಾಧ. ಸ್ಟೇಷನ್ನಿಗೆ ನಡೀರಿ, ಇದೇ ಮಾತು ಅಲ್ಲಿ ಹೇಳಿ.”

ಮಾರಮ್ಮ ಅಳುತ್ತ ಚಲುವಮ್ಮನ ಕೈ ಹಿಡಿದುಕೊಂಡಳು. ನನಗೂ ಜೀವ ಬಂದಂತಾಯಿತು. ಎಲ್ಲ ಮುಗಿಯಿತು ಎಂದುಕೊಂಡೆ.

ಕೃಷ್ಣ ಒಳ್ಳೆಯ ಕೈ ಚಾಚಿ ಕರೆದ: “ಬಾರ್ಲಾ ರಾಹುಲ, ಮನೆಗೋಗವ.”

ರಾಹುಲ್ ನಿಂತಲ್ಲಿಂದ ಕದಲಲಿಲ್ಲ. “ಊರೋರು ಮಾತ್ರ ಅಂದಿದ್ರೆ ಬುಡು ಅತ್ಲಾಗೆ ಅಂತಿದ್ದೆ. ನೀನೂ ಅಂದ್ಬುಟ್ಟಲ್ಲಣ್ಣ.”

ಕೃಷ್ಣನ ಚಾಚಿದ ಕೈ ಹಾಗೇ ಇತ್ತು. ನಾನು ಚಲುವಮ್ಮನ ಮುಖ ನೋಡಿದೆ, ಅವಳು ತಲೆ ತಗ್ಗಿಸಿದಳು.