ಕ್ಲಿಪ್ಪಿನ ಹಿಂದೆ ಉಳಿದ ಮಾತು

ಹಲ್ಲಿನ ಕ್ಲಿಪ್ಪಿನ ತಂತಿಯ ತುದಿ ಕೆನ್ನೆಯ ಒಳಗೆ ಚುಚ್ಚುತ್ತಲೇ ಇತ್ತು. ಉಗುಳು ನುಂಗಿದರೆ ರಕ್ತದ ರುಚಿ.

ಹಲ್ಲಿನ ಡಾಕ್ಟರಮ್ಮ ಇನ್ನೂ ಒಳಗೆ ಕರೆದಿರಲಿಲ್ಲ. ಅವಳು ಬೆಂಚಿನ ಮೂಲೆಯಲ್ಲಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದಳು. ಎದುರು ಬೆಂಚಿನಲ್ಲಿ ಒಬ್ಬ. ಅವನ ಹಲ್ಲಿಗೂ ಕ್ಲಿಪ್ಪು. ಅವನು ಎವೆಯಿಕ್ಕದೆ ನೋಡುತ್ತಿದ್ದ... ಅವಳ ಕಣ್ಣನ್ನಲ್ಲ, ಬಾಯಿಯನ್ನು.

ಅವಳಿಗೆ ಮೈಯೆಲ್ಲ ಉರಿಯಿತು. ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಉಬ್ಬಲ್ಲಿ' ಅಂತ. ಅಂದಿನಿಂದ ಇಂದಿನವರೆಗೂ ಕೈ ಅಡ್ಡ ಹಿಡಿಯದೆ ಅವಳು ನಕ್ಕವಳಲ್ಲ.

"ಏನ್ರೀ ಹಾಗೆ ನೋಡ್ತೀರಾ?" ಕರ್ಚೀಫಿನ ಹಿಂದಿನಿಂದಲೇ ಕೇಳಿದಳು.

ಅವನು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಬಿಳಿ ಮೇಣವನ್ನು ಅಕ್ಕಿಕಾಳಿನಷ್ಟು ಚಿವುಟಿ, ಉರುಟು ಮಾಡಿ, ತನ್ನ ಹಲ್ಲಿನ ತಂತಿಗೆ ಒತ್ತಿ ತೋರಿಸಿದ. ಆಮೇಲೆ ಡಬ್ಬಿಯನ್ನು ಅವಳತ್ತ ಚಾಚಿದ.

"ತುದಿಗೆ ಕೂರಿಸಿ. ಚುಚ್ಚೋದು ನಿಲ್ಲುತ್ತೆ."

ಮಾತು ಸ್ವಲ್ಪ ದಪ್ಪ, ಏರಿಳಿತವಿಲ್ಲದ್ದು. ಕ್ಲಿಪ್ಪು ಹಾಕಿಸಿಕೊಂಡವರ ಮಾತು ಹಾಗೇ ಅಲ್ವಾ ಅಂದುಕೊಂಡಳು.

ಕೈತೊಳೆಯುವಲ್ಲಿದ್ದ ಕನ್ನಡಿಯ ಮುಂದೆ ನಿಂತು ಮೇಣ ಒತ್ತಿದಳು. ನೋವು ತಗ್ಗಿತು. ಅಳು ಬಂತು. ಅಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ, ತನ್ನ ನೋವನ್ನು ಕಂಡುಹಿಡಿದವರು ಯಾರೂ ಇರಲಿಲ್ಲ.

ಒಳಗೆ ಹೋದರೆ ಡಾಕ್ಟರಮ್ಮನ ಬೈಗುಳ. ವಸಡು ಊದಿದೆ, ತಂತಿಯ ಸಂದಿಯಲ್ಲಿ ಅನ್ನ ಸಿಕ್ಕಿಕೊಂಡಿದೆ, ಒಂದು ಕ್ಲಿಪ್ಪು ಮತ್ತೆ ಕಿತ್ತುಬಂದಿದೆ. ಅವಳು ಟೈಲರ್. ಹೊಲಿದಾದ ಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವ ಅಭ್ಯಾಸ ಹೋಗಿರಲಿಲ್ಲ. ಹಗಲು ಮಿಶನ್ನು, ಆಮೇಲೆ ಅಮ್ಮನ ಸ್ನಾನ, ಔಷಧಿ, ಬಟ್ಟೆ. ತಟ್ಟೆ ತೊಳೆಯುವಷ್ಟರಲ್ಲಿ ಕಣ್ಣು ಮುಚ್ಚಿಬರುತ್ತಿತ್ತು, ಇನ್ನು ಬ್ರಶ್ ಎಲ್ಲಿ? ಹೀಗೇ ಆದರೆ ಎಲ್ಲ ಬಿಚ್ಚಿ ಕಳಿಸಿಬಿಡ್ತೀನಿ ಅಂದರು ಡಾಕ್ಟರಮ್ಮ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಹೊರಗೆ ಬಂದಾಗ ಅವನು ಇನ್ನೂ ಅಲ್ಲೇ ಇದ್ದ.

ಹಾಗೆ ಶುರುವಾಯಿತು. ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆ ಅವನ ಅಂಗಡಿ. ಫೋಟೋಗಳಿಗೆ ಗಾಜು, ಕಟ್ಟು ಹಾಕುವ ಕೆಲಸ. ತಂತಿ ಬಿಗಿಮಾಡಿಸಿಕೊಳ್ಳಲು ಇಬ್ಬರೂ ಒಂದೇ ದಿನ ಬರುವಂತೆ ಹೇಗೋ ಹೊಂದಿಕೊಂಡಿತು. ತಂತಿಯಡಿ ತೂರುವ ಸಣ್ಣ ಬ್ರಶ್ ಹಿಡಿಯುವುದು ಹೇಗೆ, ಸೇಬನ್ನು ಕಚ್ಚದೆ ತೆಳ್ಳಗೆ ಹೆಚ್ಚಿ ತಿನ್ನುವುದು ಯಾಕೆ, ಎಲ್ಲ ಅವನೇ ಹೇಳಿಕೊಟ್ಟ. ಒಂದು ಪುಟ್ಟ ಕತ್ತರಿ ತಂದು, ದಾರಕ್ಕೆ ಇದು, ಹಲ್ಲು ಅಲ್ಲ ಅಂದ.

ಅವಳು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವುದನ್ನು ಅಮ್ಮ ಮಲಗಿದ್ದಲ್ಲಿಂದಲೇ ಗಮನಿಸಿದರು. "ನನಗೆ ಕಡಲೆ ಇದೆ, ಹಲ್ಲಿಲ್ಲ. ನಿನಗೆ ಹಲ್ಲಿದೆ, ಕಡಿಯೋ ಹಾಗಿಲ್ಲ. ಯಾರೇ ನಿನಗೆ ಇಷ್ಟು ಬುದ್ಧಿ ಕಲಿಸಿದ್ದು?" ಅಂತ ನಕ್ಕರು. ಕರೆದುಕೊಂಡು ಬಾ, ನೋಡೋಣ ಅಂದರು.

ಆದರೂ ಒಂದು ಮಾತ್ರ ಅವಳಿಗೆ ಚುಚ್ಚುತ್ತಿತ್ತು. ಅವಳು ಏನೋ ಕೇಳಿದರೆ ಅವನು ಕೆಲವು ಸಲ ಸುಮ್ಮನೆ ನಗುತ್ತಿದ್ದ. ಕೆಲವು ಸಲ ಸಂಬಂಧವೇ ಇಲ್ಲದ ಉತ್ತರ. ನನ್ನ ಮಾತು ಇವರಿಗೆ ಅಷ್ಟು ಸಸಾರವಾ...

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವಳು ಧೈರ್ಯ ಮಾಡಿದಳು. ಮುಖ ಆ ಕಡೆ ತಿರುಗಿಸಿ, ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದು, ಎದೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟಳು. ನೀವು ನನಗೆ ಬೇಕು ಅಂತ. ಅಮ್ಮನ ಹತ್ತಿರ ಕರೆದುಕೊಂಡು ಹೋಗ್ಲಾ ಅಂತ.

ತಿರುಗಿ ನೋಡಿದಾಗ ಅವನು ಮುಗುಳ್ನಗುತ್ತಿದ್ದ. "ಸರಿ. ಹುಷಾರಾಗಿ ಹೋಗಿ" ಅಂದವನೇ ಬಸ್ಸು ಹತ್ತಿ ಹೊರಟುಹೋದ.

ಅವಳು ತನ್ನ ಬಸ್ಸನ್ನು ಬಿಟ್ಟು ಮನೆಯವರೆಗೂ ನಡೆದೇ ಹೋದಳು.

ಆಮೇಲೆ ಡಾಕ್ಟರಮ್ಮನ ಹತ್ತಿರ ಹೋಗುವುದನ್ನೇ ಬಿಟ್ಟಳು. ಅವರ ಕಡೆಯಿಂದ ಫೋನ್ ಬಂದರೂ ಎತ್ತಲಿಲ್ಲ. ಬ್ರಶ್ ಬಚ್ಚಲಿನ ಕಿಟಕಿಯಲ್ಲಿ ಒಣಗಿತು. ಯಾರಿಗೋಸ್ಕರ ಈ ಹಲ್ಲು ನೆಟ್ಟಗಾಗಬೇಕು? ಮತ್ತೆ ದಾರವನ್ನು ಹಲ್ಲಿನಿಂದಲೇ ಕಚ್ಚಿದಳು, ಬೇಕೆಂದೇ. ಒಂದು ಕ್ಲಿಪ್ಪು ಕಿತ್ತುಬಂದು ನಾಲಿಗೆಯ ಮೇಲೆ ಬಿತ್ತು. ಉಗುಳಿ ಹೊಲಿಗೆ ಮುಂದುವರಿಸಿದಳು.

ವಸಡಿನಲ್ಲಿ ಕೀವು ತುಂಬಿತು. ಜ್ವರ ಬಂತು. ಒಂದು ಬೆಳಿಗ್ಗೆ ಎದ್ದರೆ ಮುಖದ ಒಂದು ಪಕ್ಕ, ತುಟಿ, ಎಲ್ಲ ಊದಿಕೊಂಡಿತ್ತು. ಅಮ್ಮ ಎದ್ದು ಬರಲಾರದೆ ಹಾಸಿಗೆಯಲ್ಲೇ ಕೈ ಚಾಚಿ ಅತ್ತರು. "ನನ್ನ ಸೊಂಟ ಹೋಯ್ತು ಅಂತ ನೀನೂ ಬದುಕೋದು ಬಿಟ್ಟರೆ ಹೇಗೆ ಮಗಳೇ?"

ಆ ಮಾತಿಗೆ ಅವಳು ಎದ್ದಳು. ಡಾಕ್ಟರಮ್ಮನಿಗೆ ಹೇಳಿ ಎಲ್ಲ ಕೀಳಿಸಿಕೊಂಡುಬಿಡುತ್ತೇನೆ ಅಂತ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಹೊರಟಳು. ಆದರೆ ಕಾಲು ಎರಡು ಬೀದಿ ಆಚೆಯ ಅವನ ಅಂಗಡಿಯತ್ತ ತಿರುಗಿತು. ಬೇಡ ಅಂತ ಅವರ ಬಾಯಿಂದಲೇ ಒಂದು ಸಲ ಕೇಳಿಬಿಡಬೇಕು...

ಅವನು ಬಾಗಿಲಿಗೆ ಬೆನ್ನು ಹಾಕಿ ಮರ ಉಜ್ಜುತ್ತಿದ್ದ. ಅವಳು ಕರೆದಳು. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಇಲ್ಲ. ಇಷ್ಟೊಂದು ತಾತ್ಸಾರವಾ ಅಂತ ಮುಂದೆ ನುಗ್ಗುವಾಗ ಅವಳ ಚೀಲ ಬಾಗಿಲ ಪಕ್ಕದ ಗಾಜಿಗೆ ತಗುಲಿತು. ಆಳೆತ್ತರದ ಗಾಜು ನೆಲಕ್ಕೆ ಅಪ್ಪಳಿಸಿ ಚೂರುಚೂರಾಯಿತು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು.

ಅವನು ಮರ ಉಜ್ಜುತ್ತಲೇ ಇದ್ದ.

ಒಳಗಿನಿಂದ ಅವನ ಅಕ್ಕ ಓಡಿಬಂದು ಅವನ ಭುಜ ತಟ್ಟಿದಳು. ಬಿಳಿಚಿಕೊಂಡು ನಿಂತಿದ್ದ ಅವಳನ್ನು ಕಂಡು, "ಚಿಕ್ಕವನಿದ್ದಾಗ ಜ್ವರ ಬಂದು ಕಿವಿ ಹೋಯ್ತಮ್ಮ. ತುಟಿ ನೋಡಿಯೇ ಮಾತು ತಿಳ್ಕೊಳ್ಳೋದು. ನಿಮಗೆ ಗೊತ್ತಿರಲಿಲ್ವಾ?" ಅಂದಳು.

ಅವಳಿಗೆ ಒಂದೊಂದೇ ನೆನಪಾಯಿತು. ಕರ್ಚೀಫು, ಕೈ, ದುಪಟ್ಟಾ... ತಾನು ಆಡಿದ್ದರಲ್ಲಿ ಅರ್ಧದಷ್ಟೂ ಅವನನ್ನು ತಲುಪಿರಲಿಲ್ಲ.

ಅವನು ಎದುರು ಬಂದು ನಿಂತ. ಗಾಜಿನ ಕಡೆ ನೋಡಲೂ ಇಲ್ಲ. "ಮುಖ ಯಾಕೆ ಹೀಗಾಗಿದೆ?"

ಅವಳು ಊದಿದ ಕೆನ್ನೆಯ ಮೇಲೆ ದುಪಟ್ಟಾವನ್ನು ಇನ್ನಷ್ಟು ಎಳೆದುಕೊಂಡಳು.

"ಆ ದಿನ ನೀವೇನೋ ಹೇಳಿದ್ರಿ. ಏನು ಅಂತ ತಿಳೀಲಿಲ್ಲ, ಕೇಳೋಕೆ ನಾಚಿಕೆ ಆಯ್ತು. ಕಿವುಡ ಅಂತ ಗೊತ್ತಾದ್ರೆ ಬರೋದು ನಿಲ್ಲಿಸ್ತೀರಿ ಅಂತ ಹೇಳಲಿಲ್ಲ." ಅವನ ದನಿ ಒಡೆಯಿತು. "ಹೇಳದೇನೇ ನಿಲ್ಲಿಸಿಬಿಟ್ರಿ."

ಅವಳು ಮುಖಕ್ಕೆ ಸುತ್ತಿದ್ದ ದುಪಟ್ಟಾವನ್ನು ತೆಗೆದಳು. ಊದಿದ ತುಟಿ, ರಕ್ತ ಜಿನುಗುವ ವಸಡು, ನೇತಾಡುವ ತಂತಿ. ಹುಟ್ಟಿದಾಗಿನಿಂದ ಇಷ್ಟು ಕುರೂಪವಾಗಿ ಅವಳು ಯಾರ ಮುಂದೆಯೂ ನಿಂತಿರಲಿಲ್ಲ. ಅದೇ ಬಾಯಲ್ಲಿ ಮಾತಾಡಿದಳು.

ಅವನು ಕಣ್ಣು ಕಿರಿದು ಮಾಡಿ ನೋಡಿದ. ಎಂದಿನಂತೆ ಮುಗುಳ್ನಕ್ಕು ತಲೆಯಾಡಿಸಲು ಹೊರಟವನು, ತಡೆದುಕೊಂಡ.

"ತುಟಿ ಊದಿದೆ... ನನಗೆ ಅರ್ಥ ಆಗಲಿಲ್ಲ," ಅಂದ. ಆ ಮಾತನ್ನು ಅವನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಅವಳು ಹತ್ತಿರ ಹೋದಳು. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ನೀವು ನನಗೆ ಬೇಕು."

ಅವನು ಹಿಂದಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ. ಮರದ ಪುಡಿ ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ. ಅಕ್ಕ ಮೆಲ್ಲಗೆ ಪೊರಕೆ ತರಲು ಒಳಗೆ ಹೋದಳು.

ಆಮೇಲೆ ಅವಳನ್ನು ಡಾಕ್ಟರಮ್ಮನ ಹತ್ತಿರ ಅವನೇ ಕರೆದೊಯ್ದ. ಕೀವು ತೆಗೆದು, ಔಷಧಿ ಕೊಟ್ಟು, ಡಾಕ್ಟರಮ್ಮ ಮನಸಾರೆ ಬೈದರು. ವಸಡು ವಾಸಿಯಾಗಲಿ, ಮತ್ತೆ ಮೊದಲಿಂದ ಕೂರಿಸೋಣ, ಆದರೆ ಸಮಯ ಹಿಡಿಯುತ್ತೆ ಅಂದರು. ಹಿಡಿಯಲಿ ಅಂದಳು ಅವಳು.

ಹೊರಗಿನ ಮೆಟ್ಟಿಲ ಮೇಲೆ ಅವನು ನಿಂತ.

"ಇನ್ನೊಂದು ಸಲ ಹೇಳಿ."

"ಈಗಲೂ ಅರ್ಥ ಆಗಲಿಲ್ವಾ?"

"ಆಯ್ತು," ಅಂದ ಅವನು. "ಆದರೂ ಹೇಳಿ."