ಎರಡನೇ ಹಾಳೆ

"ನಿಮ್ಮಿಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಬರೆದಿದ್ದೀರಿ," ಎಂದು ಡಾಕ್ಟರಮ್ಮ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

ನಾನು ಅವನ ಮುಖ ನೋಡಿದೆ. ಅವನು ನೆಲ ನೋಡಿದ.

ಅವನು ಎಂದರೆ ನಮ್ಮ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವವನು. ಅಂಗಡಿಯವರೆಲ್ಲ ಗಾಜಪ್ಪ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ನಾನು ಗಿರಾಕಿಗಳ ಕಣ್ಣು ಪರೀಕ್ಷಿಸಿ ಪವರ್ ಬರೆದುಕೊಡುತ್ತೇನೆ, ಹಿಂದಿನ ಕೋಣೆಯಲ್ಲಿ ಅವನು ಅದೇ ಚೀಟಿ ನೋಡಿಕೊಂಡು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾನೆ. ನಾಲ್ಕು ವರ್ಷಗಳಿಂದ ಮಧ್ಯಾಹ್ನ ಒಂದೂವರೆಗೆ ಅವನ ಯಂತ್ರದ ಪಕ್ಕದ ಮೇಜಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚುತ್ತೇವೆ. ನಾನು ಮಾತಾಡುತ್ತೇನೆ, ಅವನು ಕೇಳುತ್ತಾನೆ. ನಮ್ಮ ಸಂಬಂಧ ಅಷ್ಟೇ. ಅದು ಅಷ್ಟರಲ್ಲೇ ನಿಂತಿದೆಯಲ್ಲ ಎಂದು ನನಗೆ ಸಿಟ್ಟಿತ್ತು.

ಆ ಸಿಟ್ಟಿನಲ್ಲೇ ಮೂರು ವಾರದ ಹಿಂದೆ, "ಹೊಸ ಶಾಖೆಗೆ ಯಾರು ಹೋಗ್ತೀರಿ?" ಎಂದು ಯಜಮಾನರು ಕೇಳಿದಾಗ ಕೈ ಎತ್ತಿಬಿಟ್ಟೆ. ಹೊಸ ಶಾಖೆ ರೈಲಿನಲ್ಲಿ ಒಂಬತ್ತು ಗಂಟೆ ದೂರ. ಕೈ ಎತ್ತಿ ಗಾಜಪ್ಪನ ಕಡೆ ನೋಡಿದೆ. ಬೇಡ ಅಂತಾನೇನೋ ಎಂಬ ಆಸೆ. ಅವನು ಯಾವುದೋ ಕನ್ನಡಕವನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಿದ್ದ. ಕಲ್ಲು! ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಈ ಶುಕ್ರವಾರ ಕೊನೆಯ ದಿನ.

ಅಷ್ಟರಲ್ಲಿ ಅವನಿಗೆ ಹೊಟ್ಟೆಯಲ್ಲಿ ಉರಿ ಶುರುವಾಯಿತು, ನಿದ್ದೆ ಕೆಟ್ಟಿತು. ಬೇರೆ ಊರಿನಲ್ಲಿರುವ ಅವನ ಅಕ್ಕ ಫೋನಿನಲ್ಲೇ ಗದರಿಸಿ ಈ ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಇವರದೊಂದು ಪದ್ಧತಿ. ವಾತ, ಪಿತ್ತ, ಕಫ ಈ ಮೂರರಲ್ಲಿ ನಿಮ್ಮಲ್ಲಿ ಯಾವುದರ ಕೈ ಮೇಲು ಎಂದು ತಿಳಿಯದೆ ಒಂದು ಚಿಟಿಕೆ ಚೂರ್ಣವನ್ನೂ ಕೊಡುವುದಿಲ್ಲ. ಅದಕ್ಕೆ ಇಪ್ಪತ್ತನಾಲ್ಕು ಪ್ರಶ್ನೆಗಳ ಹಾಳೆ. ಒಂದನ್ನು ರೋಗಿ ತುಂಬಬೇಕು, ಇನ್ನೊಂದನ್ನು ಅವರನ್ನು ದಿನಾ ನೋಡುವವರು. ತನ್ನ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ ಎಂಬುದು ಡಾಕ್ಟರಮ್ಮನ ಅನುಭವ.

"ನನ್ನನ್ನ ದಿನಾ ನೋಡೋರು ನೀವೇ," ಎಂದು ಅವನು ಎರಡನೇ ಹಾಳೆಯನ್ನು ನನ್ನ ಡಬ್ಬಿಯ ಪಕ್ಕ ಇಟ್ಟಿದ್ದ. "ತುಂಬಿಕೊಡ್ತೀರಾ?"

"ನಾಲ್ಕು ವರ್ಷದಲ್ಲಿ ನೀವಾಗಿ ಏನಾದ್ರೂ ಕೇಳಿದ್ದು ಇದೇ ಮೊದಲು. ಅದಕ್ಕೂ ಒಂದು ಫಾರ್ಮ್ ಬೇಕಾಯ್ತು ನೋಡಿ."

ಅವನ ಕಿವಿ ಕೆಂಪಾಯಿತು. ನಾನು ಐದೇ ನಿಮಿಷದಲ್ಲಿ ತುಂಬಿಕೊಟ್ಟೆ. ಆ ಹಾಳೆಯೇ ಈಗ ಡಾಕ್ಟರಮ್ಮನ ಮುಂದೆ ಇದ್ದದ್ದು. ಬರೆದವರೂ ಬರಬೇಕು ಎಂದು ನನ್ನನ್ನೂ ಕರೆಸಿದ್ದರು.

"ಊಟ," ಎಂದು ಡಾಕ್ಟರಮ್ಮ ನನ್ನ ಕಡೆ ನೋಡಿ ಓದಿದರು. "ಇವರು ಬರೆದಿರೋದು, 'ಗಬಗಬ, ಐದು ನಿಮಿಷ.' ನೀವು ಬರೆದಿರೋದು, 'ಒಂದೊಂದು ತುತ್ತೂ ಅಗಿದು, ನಲವತ್ತು ನಿಮಿಷ.'"

"ಹೌದಲ್ಲ ಮತ್ತೆ! ಇವರು ಮುಗಿಸೋದನ್ನ ಕಾದು ಕಾದು ನಾನು ಎರಡು ಸಲ ಕೈ ತೊಳ್ಕೊಂಡು ಬರ್ತೀನಿ."

"ಸಿಟ್ಟು. ಇವರದು, 'ತಕ್ಷಣ ಬರುತ್ತೆ, ನಲ್ಲಿ ಸೋರಿದರೂ ರೇಗುತ್ತೇನೆ.' ನಿಮ್ಮದು, 'ಬಂದದ್ದು ನೋಡಿಲ್ಲ. ನಾನು ಪವರ್ ತಪ್ಪು ಬರೆದು ಎರಡು ಲೆನ್ಸ್ ಹಾಳಾದಾಗಲೂ ಇಲ್ಲ.'" ಡಾಕ್ಟರಮ್ಮ ಕನ್ನಡಕ ಮೇಲೇರಿಸಿದರು. "ಇವರ ಹಾಳೆ ನಂಬಿದರೆ ಇವರದು ಪಿತ್ತ ಪ್ರಕೃತಿ, ಬರೀ ಬೆಂಕಿ. ನಿಮ್ಮದನ್ನ ನಂಬಿದರೆ ಕಫ. ತಂಪು, ನಿಧಾನ. ನಾನು ಯಾರಿಗೆ ಔಷಧಿ ಕೊಡಲಿ?"

ಆಮೇಲೆ ಅವನ ಕಡೆ ತಿರುಗಿದರು.

"ನಿಮ್ಮ ಅಮ್ಮನಿಗೆ ಫೋನ್ ಹಚ್ಚಿ."

ಸ್ಪೀಕರಿನಲ್ಲಿ ಅವನ ಅಮ್ಮನ ದನಿ ಕೋಣೆ ತುಂಬಿತು. "ಚಿಕ್ಕೋನಿದ್ದಾಗಲಾ? ಕೂರಿಸಿದ ಕಡೆ ಸಂಜೆ ತನಕ ಕೂತಿರ್ತಿದ್ದ. ಮಲಗಿದರೆ ಮನೆ ಹೊತ್ತುಕೊಂಡು ಹೋದರೂ ಗೊತ್ತಾಗ್ತಿರಲಿಲ್ಲ. ಒಂದು ಪದ್ಯ ಕಲಿಯೋಕೆ ವಾರ ಬೇಕು, ಕಲಿತ ಮೇಲೆ ಜನ್ಮಕ್ಕೂ ಮರೀತಿರಲಿಲ್ಲ. ಯಾಕಮ್ಮಾ, ಏನಾಗಿದೆ ನನ್ನ ಮಗನಿಗೆ?"

"ಏನಿಲ್ಲಮ್ಮ, ಗುಣವಾಗೋ ಅಂಥದ್ದೇ," ಎಂದು ಡಾಕ್ಟರಮ್ಮ ಫೋನ್ ಇಟ್ಟರು.

ಆಮೇಲೆ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು. "ಯಾರೂ ಸುಳ್ಳು ಬರೆದಿಲ್ಲ. ಹುಟ್ಟಿನಿಂದ ಬಂದದ್ದು ಪ್ರಕೃತಿ. ಆಮೇಲೆ ಕೆರಳಿದ್ದು ವಿಕೃತಿ. ಇವರು ಹುಟ್ಟಾ ಕಫ, ಈಗ ಪಿತ್ತ ಕೆರಳಿದೆ. ಮನೇಲಿ ಇರೋದು ಆ ಕೆರಳಿದ ಮನುಷ್ಯ. ನಿಮ್ಮ ಜೊತೆ ಊಟಕ್ಕೆ ಕೂತಾಗ ಮಾತ್ರ ಅವರ ಅಮ್ಮ ಹೇಳಿದ ಮಗ." ಅವನ ಕಡೆ ತಿರುಗಿ ಕೇಳಿದರು. "ಉರಿ ಯಾವಾಗಿಂದ?"

"ಮೂರು ವಾರದಿಂದ."

"ಮೂರು ವಾರದ ಹಿಂದೆ ಏನಾಯ್ತು?"

ಅವನು ಅಂಗಿಯ ಗುಂಡಿ ತಿರುಗಿಸಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅದು ನಾನು ಕೈ ಎತ್ತಿದ ವಾರ.

"ಇನ್ನೊಂದು ವಿಷಯ. ಇಪ್ಪತ್ಮೂರನೇ ಪ್ರಶ್ನೆ ಇಬ್ಬರೂ ಖಾಲಿ ಬಿಟ್ಟಿದ್ದೀರಿ. ತುಂಬಿ ಕಳಿಸಿ." ಆ ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು. ಪ್ರೀತಿ ಹೇಗೆ? ಬೇಗ ಹುಟ್ಟಿ ಬೇಗ ಬದಲಾಗುವುದು, ಹಠದ್ದು, ಇಲ್ಲವೇ ನಿಧಾನವಾಗಿ ಹುಟ್ಟಿ ಬಿಡದೆ ಉಳಿಯುವುದು. ಯಾವುದಕ್ಕೆ ಗುರುತು ಹಾಕುವುದೆಂದು ನನಗೇನು ಗೊತ್ತು!

ಎದ್ದು ಹೊರಟಾಗ ಡಾಕ್ಟರಮ್ಮ ನನ್ನನ್ನು ಕರೆದರು. "ನಿಮಗೆ ಹಾಳೆ ಬೇಕಾಗಿಲ್ಲಮ್ಮ. ಬಂದಾಗಿಂದ ಕಾಲು ಅಲ್ಲಾಡಿಸ್ತಾನೇ ಇದ್ದೀರಿ, ಪಕ್ಕಾ ವಾತ. ನಿರ್ಧಾರ ಏನಿದ್ದರೂ ಸ್ವಲ್ಪ ನಿಧಾನ ಮಾಡಿ."

ಅದು ಬುಧವಾರ. ಅವತ್ತು ಸಂಜೆ, ಮರುದಿನ ಗುರುವಾರವಿಡೀ ಅವನು ತುಟಿಪಿಟಕ್ಕೆನ್ನಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಪ್ಪಿಗೆ ಪತ್ರ, ಪೆನ್ನು ಎರಡನ್ನೂ ಊಟದ ಮೇಜಿಗೇ ತಂದಿಟ್ಟೆ. ಇನ್ನು ಕಾಯುವುದು ನನ್ನಿಂದಾಗುತ್ತಿರಲಿಲ್ಲ. ಅವನು ಕೈ ತೊಳೆದು ಒರೆಸಿಕೊಂಡು, ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದುಕೊಟ್ಟ.

"ಏನಿದು?"

"ಡಾಕ್ಟರಮ್ಮನ ಹತ್ತಿರ ಒಂದು ಖಾಲಿ ಹಾಳೆ ಇಸ್ಕೊಂಡು ಬಂದಿದ್ದೆ. ಇದು ನಿಮ್ಮ ಬಗ್ಗೆ. ನಾನು ತುಂಬಿದ್ದು."

ಅವನ ಅಕ್ಷರ ಗುಂಡಗೆ, ಸ್ಪಷ್ಟವಾಗಿತ್ತು. 'ನಡಿಗೆ: ಬಹಳ ಬೇಗ. ಮೆಟ್ಟಿಲಿನ ಕೊನೆಯ ಎರಡನ್ನು ಹಾರುತ್ತಾರೆ. ಚರ್ಮ: ಒಣ. ಚಳಿಯಲ್ಲಿ ಬಲಗೈ ಬೆರಳು ಒಡೆಯುತ್ತದೆ, ಆಗ ಎಡಗೈಯಲ್ಲಿ ಚಮಚ ಹಿಡಿಯುತ್ತಾರೆ. ನೆನಪು: ಕೊಡೆ ಮರೆಯುತ್ತಾರೆ, ಈವರೆಗೆ ಏಳು ಸಲ. ಭಯ: ವಯಸ್ಸಾದವರಿಗೆ ಕಣ್ಣಲ್ಲಿ ಪೊರೆ ಬಂದಿದೆ ಎಂದು ಹೇಳುವ ಮೊದಲು ಹಿಂದಿನ ಕೋಣೆಗೆ ಬಂದು ನೀರು ಕುಡಿಯುತ್ತಾರೆ.'

ಇದನ್ನು ನಾನೇ ಗಮನಿಸಿರಲಿಲ್ಲ. ನೀರಿನ ಲೋಟ ಮಾತ್ರ ಯಾವಾಗಲೂ ತುಂಬಿರುತ್ತಿತ್ತು, ಯಾರು ತುಂಬಿಡುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇಪ್ಪತ್ಮೂರರಲ್ಲಿ ಯಾವುದಕ್ಕೂ ಗುರುತಿರಲಿಲ್ಲ. ಪಕ್ಕದಲ್ಲಿ ಬರೆದಿದ್ದ: 'ಗೊತ್ತಿಲ್ಲ. ಕೇಳಲು ನಾಲ್ಕು ವರ್ಷ ಧೈರ್ಯ ಸಾಲಲಿಲ್ಲ.'

ಅಕ್ಷರಗಳು ಕಲಸಿಹೋದವು. ಕಣ್ಣು ಒರೆಸಿಕೊಂಡೆ. "ಬಾಯಲ್ಲಿ ಹೇಳಿ. ಹಾಳೆ ಮೇಲೆ ಎಲ್ಲರೂ ಶೂರರೇ."

ಅವನು ನೀರು ಕುಡಿದ. ಬಾಟಲಿಯ ಮುಚ್ಚಳ ತಿರುಗಿಸಿದ. ನಾನು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕಾದೆ.

"ಹೋಗಬೇಡಿ," ಎಂದ. "ನೀವು ಕೈ ಎತ್ತಿದ ದಿನ ನಾನು ಬೆಳಕಿಗೆ ಹಿಡಿದಿದ್ದೆನಲ್ಲ, ಆ ಫ್ರೇಮಿನಲ್ಲಿ ಗಾಜೇ ಇರಲಿಲ್ಲ. ಎಲ್ಲಿ ನೋಡಬೇಕು ಅಂತ ತೋಚಲಿಲ್ಲ. ನನಗೆ ನೀವು ಬೇಕು. ಊಟದ ಹೊತ್ತಿಗೆ ಮಾತ್ರ ಅಲ್ಲ."

ಕಂಡವರ ಕಣ್ಣನ್ನೆಲ್ಲ ಪರೀಕ್ಷಿಸುವ ನನಗೆ ಖಾಲಿ ಫ್ರೇಮು ಕಂಡಿರಲಿಲ್ಲ. ಮೇಜಿನ ಮೇಲಿದ್ದ ಅವನ ಕೈ ಹಿಡಿದೆ. ಬೆರಳ ತುದಿಗಳೆಲ್ಲ ಗಾಜಿನ ಪುಡಿಗೆ ಒರಟಾಗಿದ್ದವು. ಇನ್ನೊಂದು ಕೈಯಿಂದ ಪೆನ್ನು ತೆಗೆದುಕೊಂಡು ಅವನು ತುಂಬಿದ ನನ್ನ ಹಾಳೆಯ ಇಪ್ಪತ್ಮೂರರಲ್ಲಿ ಮೂರನೆಯದಕ್ಕೆ, ಬಿಡದೆ ಉಳಿಯುವುದಕ್ಕೆ, ಗುರುತು ಹಾಕಿದೆ.

"ಪತ್ರಕ್ಕೆ ಸಹಿ ಆಯ್ತಾ?" ಎಂದು ಮುಂದಿನ ಕೋಣೆಯಿಂದ ಯಜಮಾನರು ಕೂಗಿದರು.

"ಇಲ್ಲ ಸಾರ್, ನಾನು ಹೋಗಲ್ಲ. ಡಾಕ್ಟರ್ ಸಲಹೆ!"

"ಅಯ್ಯೋ, ನಿನಗೇನಮ್ಮಾ ಆಗಿದೆ?"

ನಾನು ಬಾಯಿ ತೆರೆಯುವ ಮೊದಲೇ, ನಾಲ್ಕು ವರ್ಷದಲ್ಲಿ ಒಮ್ಮೆಯೂ ದನಿ ಎತ್ತದ ಗಾಜಪ್ಪ ಅಲ್ಲಿಂದಲೇ ಕೂಗಿದ. "ಅವರಿಗಲ್ಲ ಸಾರ್, ಆಗಿರೋದು ನನಗೆ!"

ಅವತ್ತು ಊಟ ಮುಗಿಸಲು ನಮಗೆ ಒಂದು ಗಂಟೆ ಹಿಡಿಯಿತು. ನಾನೂ ನಿಧಾನವಾಗಿಯೇ ತಿಂದೆ.