ಹಾಡಿನ ನಡುವೆ ಹೂಂ ಎಂದವನು

"ಹೂಂ."

ಹಿಂದಿನ ಮೂಲೆಯಿಂದ ಆ ಸದ್ದು ಬಂದಾಗ ನಿಶ್ಮಿತಾ ಹಾಡಿನ ಮೊದಲ ಸಾಲನ್ನಷ್ಟೇ ಮುಗಿಸಿದ್ದಳು.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ರೈಲು ನಿಲ್ದಾಣದ ಎದುರಿನ ಕಾಫಿ ಅಂಗಡಿ ಅದು. ಶನಿವಾರ ಮಧ್ಯಾಹ್ನ ಅಲ್ಲಿ ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಹಾಡಬಹುದಿತ್ತು. ಬೇಡ ಎನ್ನುವವರೇ ಇರಲಿಲ್ಲ, ಆ ಜಾಗದ ದೊಡ್ಡ ದೋಷ ಅದೇ. ಅವಳಿಗಿಂತ ಮುಂಚೆ ಒಬ್ಬ ತನ್ನ ವಿಚ್ಛೇದನವನ್ನು ಬ್ಯಾಂಜೋ ಮೇಲೆ ನುಡಿಸಿದ್ದ. ಇನ್ನೊಬ್ಬ ತನ್ನ ಬೆಕ್ಕಿನ ಮೇಲೆ ಹಾಡು ಕಟ್ಟಿದ್ದ. ಬೆಕ್ಕು ಇನ್ನೂ ಬದುಕಿತ್ತು, ಆದರೂ ಹಾಡು ಮುಗಿಯುವಷ್ಟರಲ್ಲಿ ಅವನು ಅತ್ತಿದ್ದ.

ಇಂಥವರ ನಡುವೆ ತನ್ನದೊಂದು ಹಾಡು ಹೆಚ್ಚಾಗಲಾರದು ಎಂದುಕೊಂಡೇ ನಿಶ್ಮಿತಾ ಗಿಟಾರ್ ಹಿಡಿದು ನಿಂತಿದ್ದಳು. ಉಡುಪಿಯ ಹುಡುಗಿ. ಸನ್ನಿವೇಲ್‌ನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದು ಅವಳ ಕೆಲಸ. ತಪ್ಪು ಹುಡುಕುವುದರಲ್ಲಿ ಅವಳಷ್ಟು ಗಟ್ಟಿಗರು ಆ ಕಟ್ಟಡದಲ್ಲಿ ಇರಲಿಲ್ಲ.

ಆದರೆ ಈ ಹಾಡು ಬೇರೆ. ಅಜ್ಜಿ ಹೇಳುತ್ತಿದ್ದ ಕತೆಯನ್ನು ಅವಳು ಹಾಡಾಗಿ ಕಟ್ಟಿದ್ದಳು. ಮೊದಲ ಸಲ ನಾಲ್ಕು ಜನರ ಮುಂದೆ ಅದನ್ನು ಹಾಡುತ್ತಿದ್ದಳು.

"ನೆರಳ ಕಳೆದುಕೊಂಡಳೋ ರಾಯನ ಮಗಳು..."

"ಹೂಂ."

"ಬಾವಿಯ ಕೇಳಿದಳು, ಬಾವಿ ಬಾಯಿ ಬಿಡಲಿಲ್ಲ..."

"ಹೂಂ."

ಈ ಸಲ ಯಾರೋ ಕಿಸಕ್ಕೆಂದರು. ಒಂದಕ್ಷರ ಕನ್ನಡ ಬಾರದ ಅಮೆರಿಕನ್ನರಿಗೂ ಆ ಸದ್ದು ಮಾತ್ರ ಚೆನ್ನಾಗಿ ಅರ್ಥವಾದಂತಿತ್ತು. ಅವಳ ಕಿವಿ ಬಿಸಿಯಾಯಿತು.

"ಆಲವ ಕೇಳಿದಳು, ನನ್ನ ನೆರಳೇ ನನಗೆ ಸಾಲದೆಂದಿತಲ್ಲ..."

"ಹೂಂ."

ಇಡೀ ಅಂಗಡಿ ನಕ್ಕಿತು. ನಿಶ್ಮಿತಾ ತಂತಿಗಳ ಮೇಲೆ ಅಂಗೈ ಒತ್ತಿ ಹಾಡು ನಿಲ್ಲಿಸಿದಳು.

"ಯಾರದು?"

ಮೂಲೆಯಲ್ಲಿ ಕನ್ನಡದವರ ಗುಂಪೊಂದು ಕೂತಿತ್ತು. ಅದರಲ್ಲಿ ಉದ್ದ ಕಾಲಿನವನೊಬ್ಬ ಕಾಫಿ ಲೋಟ ಹಿಡಿದು ಎದ್ದು ನಿಂತ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ನಾನೇ ಕಣ್ರೀ. ಮುಂದೇನಾಯ್ತು?"

"ನಿಮ್ಮಂಥವರ ಎದುರಿಗೆ ಅವಳು ಮುಂದೆ ಹೋಗುವುದಿಲ್ಲ," ಎಂದಳು ನಿಶ್ಮಿತಾ, ಮೈಕಿನಲ್ಲೇ. ಗಿಟಾರ್ ಚೀಲಕ್ಕೆ ತುರುಕಿ ಇಳಿದುಬಿಟ್ಟಳು.

ಅಜ್ಜಿಯ ಕಟ್ಟಳೆ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಕತೆಯ ನಡುವೆ ಯಾರಾದರೂ ಬಾಯಿ ತೆರೆದರೆ ರಾಜಕುಮಾರಿ ಇದ್ದಲ್ಲೇ ಕಲ್ಲಾಗುತ್ತಾಳೆ. ಅದಕ್ಕೇ ಉಡುಪಿಯ ಆ ಮನೆಯಲ್ಲಿ ಕೆಮ್ಮು ಬಂದರೆ ಮಕ್ಕಳು ಹೊರಗೆ ಓಡಿಹೋಗಿ ಕೆಮ್ಮಿ ಬರುತ್ತಿದ್ದರು.

ಇವನು ಮೂರು ಸಲ ಕಲ್ಲು ಮಾಡಿದ್ದ!

*

ಅವನ ಹೆಸರು ತೇಜಸ್ವಿ. ಮಂಡ್ಯದವನು. ಅವಳ ದುರದೃಷ್ಟಕ್ಕೆ ಮುಂದಿನ ವಾರವೇ ಅವನ ಮುಖವನ್ನು ಮತ್ತೆ ನೋಡಬೇಕಾಯಿತು.

ಫ್ರೀಮಾಂಟ್‌ನಲ್ಲಿ ಜಯರಾಮ್ ಎಂಬವರ ಗರಾಜಿನಲ್ಲಿ 'ವಾರದ ಹಾಡು' ಎಂಬ ಕೂಟ ನಡೆಯುತ್ತಿತ್ತು. ಸೋಮವಾರ ಜಯರಾಮ್ ಎಲ್ಲರಿಗೂ ಈಮೇಲಿನಲ್ಲಿ ಒಂದು ವಿಷಯ ಕಳಿಸುತ್ತಿದ್ದರು. ಭಾನುವಾರದೊಳಗೆ ಅದರ ಮೇಲೆ ಹಾಡು ಕಟ್ಟಿ, ರಾಗ ಕೂರಿಸಿ, ತಂದು ಹಾಡಬೇಕು. ಕಾಫಿ ಅಂಗಡಿಯಲ್ಲಿ ಅವಳ ಅರ್ಧ ಹಾಡು ಕೇಳಿದ್ದ ಜಯರಾಮ್ ಅವಳನ್ನು ಬಿಡದೆ ಕರೆದಿದ್ದರು.

ಎರಡು ಸಾವಿರದ ಇಸವಿಯ ಆ ದಿನಗಳಲ್ಲಿ ಎಲ್ಲರೂ ಏನೋ ಆಗಲಿದ್ದರು. ಗರಾಜಿನ ಶೇಷಗಿರಿ ತನ್ನ ಕಂಪನಿಯ ಷೇರಿನಿಂದ ಇನ್ನೇನು ಕೋಟ್ಯಧೀಶನಾಗಲಿದ್ದ, ಅದಕ್ಕೆ ತಯಾರಿಯಾಗಿ ಕೂದಲು ಬೆಳೆಸಿದ್ದ. ಯಾವ ವಿಷಯ ಕೊಟ್ಟರೂ ಅವನ ಹಾಡು 'ಓ ಮನವೇ' ಎಂದೇ ಶುರುವಾಗುತ್ತಿತ್ತು. 'ಟ್ರಾಫಿಕ್' ಎಂಬ ವಿಷಯಕ್ಕೂ ಅವನು 'ಓ ಮನವೇ, ಏಕೆ ನಿಂತೆ' ಎಂದು ಹಾಡಿದ್ದ.

ತೇಜಸ್ವಿ ಅದಕ್ಕಿಂತ ಕಡೆ ಎಂದು ನಿಶ್ಮಿತಾ ತೀರ್ಮಾನಿಸಿದಳು. ಅವನಿದ್ದ ಕಂಪನಿ ಇಂಟರ್ನೆಟ್ಟಿನಲ್ಲಿ ಕೊಡೆ ಮಾರುತ್ತಿತ್ತು, ಅದೂ ವರ್ಷದ ಮುಕ್ಕಾಲು ಪಾಲು ಮಳೆಯೇ ಬಾರದ ಕ್ಯಾಲಿಫೋರ್ನಿಯಾದಲ್ಲಿ ಕೂತು! ಅವನ ಹಾಡುಗಳೂ ಹಾಗೇ, ಎಲ್ಲವೂ ಗೇಲಿ. ಫ್ರೀವೇ ಮೇಲೆ ಗೇಲಿ, ಷೇರಿನ ಮೇಲೆ ಗೇಲಿ, ತನ್ನ ಬಾಸಿನ ಮೇಲೆ ಗೇಲಿ. ಇಂಥವನ 'ಹೂಂ' ಮತ್ತೇನಾಗಿರಲು ಸಾಧ್ಯ?

ತಾನು ಹಾಡುವಾಗ ಆ ಮನುಷ್ಯ ಬಾಯಿ ಮುಚ್ಚಿಕೊಂಡಿರುವುದಾದರೆ ಮಾತ್ರ ಬರುತ್ತೇನೆ ಎಂದು ಅವಳು ಜಯರಾಮ್‌ಗೆ ಷರತ್ತು ಹಾಕಿದಳು. ತೇಜಸ್ವಿ ಮರುಮಾತಿಲ್ಲದೆ ಒಪ್ಪಿದ. ಅಂದಿನಿಂದ ಅವಳು ಹಾಡುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೂರತೊಡಗಿದ.

ಅದನ್ನು ನೋಡಿ ಎಲ್ಲರೂ ನಗುತ್ತಿದ್ದರು. 'ಇದೂ ಒಂದು ಅಣಕ...' ಎಂದು ಅವಳು ಹಲ್ಲು ಕಚ್ಚಿದಳು.

ಆದರೆ ಆ ಅಂಗೈಯ ಮೇಲಿನ ಕಣ್ಣುಗಳು ನಗುತ್ತಿರಲಿಲ್ಲ. ಅದನ್ನು ಅವಳು ನೋಡಿದಳು. ನೋಡಲಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು.

ಒಂದು ಭಾನುವಾರ 'ಕಾಯುವುದು' ಎಂಬ ವಿಷಯಕ್ಕೆ ತೇಜಸ್ವಿ ಕೊಡೆಯೊಂದರ ಮೇಲೆ ಹಾಡಿದ. ಗೋದಾಮಿನಲ್ಲೇ ಹುಟ್ಟಿ ಗೋದಾಮಿನಲ್ಲೇ ಮುದಿಯಾದ ಕೊಡೆ. ಮಳೆ ಎಂದರೆ ಏನೆಂದು ಪಕ್ಕದ ಕೊಡೆಯನ್ನು ಕೇಳುತ್ತದೆ, ಅದಕ್ಕೂ ಗೊತ್ತಿಲ್ಲ. ಗರಾಜು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಶ್ಮಿತಾ ಮಾತ್ರ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡಳು.

ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಇವನ ಹಾಡಿಗೆ ತಾನು ಅಳುವುದೇ?

"ಹೇಗಿತ್ತು?" ಎಂದು ಜಯರಾಮ್ ಕೇಳಿದಾಗ ಅವಳು ಉಗುರು ನೋಡಿಕೊಂಡು ಹೇಳಿದಳು. "ಕೊಡೆಗಾದರೂ ಕಾಯಲಿಕ್ಕೆ ಒಂದು ಕಾರಣ ಉಂಟು. ನಾವು ಯಾಕೆ ಕಾದು ಕೂತು ಇದನ್ನು ಕೇಳಿದೆವು ಅಂತ ಗೊತ್ತಾಗಲಿಲ್ಲ."

ತೇಜಸ್ವಿ ತಲೆ ಕೆರೆದುಕೊಂಡು ನಕ್ಕ. ಆ ನಗು ಪೂರ್ತಿಯಾಗಲಿಲ್ಲ.

*

ಮುಂದೊಂದು ಸೋಮವಾರ ಬಂದ ವಿಷಯ 'ಸದ್ದು'.

ನಿಶ್ಮಿತಾ ಆ ವಾರ ಎಷ್ಟು ಖುಷಿಯಿಂದ ಹಾಡು ಕಟ್ಟಿದಳೆಂದರೆ, ಆಫೀಸಿನ ಮೀಟಿಂಗಿನಲ್ಲೂ ಮೇಜಿನ ಕೆಳಗೆ ತಾಳ ಹಾಕುತ್ತಿದ್ದಳು.

"ಹೂಂ ಅಂತು ಗೂಳಿ, ಹೂಂ ಅಂತು,
ಹುಲ್ಲು ತಿಂದೂ ಹೂಂ, ಬೈಗಳು ತಿಂದೂ ಹೂಂ,
ತಲೆಯೊಳಗೆ ಏನುಂಟೆಂದು ತಟ್ಟಿ ನೋಡಿದರೆ
ಅಲ್ಲೂ ಬರೀ ಹೂಂ..."

ಗರಾಜು ಹುಚ್ಚೆದ್ದುಹೋಯಿತು. ಎರಡನೇ ಚರಣಕ್ಕೇ ಎಲ್ಲರೂ ಸೇರಿ 'ಹೂಂ, ಹೂಂ' ಎಂದು ತೊಡೆ ತಟ್ಟತೊಡಗಿದರು. ಶೇಷಗಿರಿ ಗೂಳಿಯ ಹಾಗೆ ತಲೆ ಬಗ್ಗಿಸಿ ತೇಜಸ್ವಿಯ ಹೊಟ್ಟೆಗೆ ಗುದ್ದಿಯೂ ಬಂದ.

ತೇಜಸ್ವಿಯ ಅಂಗೈ ಅಂದು ಬಾಯಿಯ ಮೇಲಿರಲಿಲ್ಲ. ಮುಚ್ಚಿಕೊಳ್ಳುವ ಅಗತ್ಯವೇ ಅವನಿಗೆ ಬಂದಿರಲಿಲ್ಲ. ಹಾಡು ಮುಗಿದ ಮೇಲೆ ತನ್ನ ಗಿಟಾರನ್ನು ಚೀಲಕ್ಕಿಟ್ಟು ಅವಳ ಮುಂದೆ ಬಂದು ನಿಂತ.

"ರಾಗ ಚೆನ್ನಾಗಿ ಕೂತಿದೆ," ಎಂದ. ಗೇಲಿಯೇ ಇಲ್ಲದ ದನಿ. ಆಮೇಲೆ ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

'ಪೀಡೆ ತೊಲಗಿತು' ಎಂದುಕೊಂಡಳು ನಿಶ್ಮಿತಾ. ಆದರೂ ಹಾಡು ಮುಗಿದಾಗಲೆಲ್ಲ ಕಣ್ಣು ತಾನಾಗಿ ಆ ಖಾಲಿ ಕುರ್ಚಿಯ ಕಡೆ ಹೋಗುತ್ತಿತ್ತು. ಕಣ್ಣಿಗೆ ಬುದ್ಧಿಯಿಲ್ಲ, ಏನು ಮಾಡುವುದು...

ಗೂಳಿಯ ಹಾಡು ಮಾತ್ರ ಎಲ್ಲೆಡೆ ಹಬ್ಬಿತು. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ, ಯಾರದೋ ಗೃಹಪ್ರವೇಶದಲ್ಲಿ, ಸನ್ನಿವೇಲ್ ದೇವಸ್ಥಾನದ ಊಟದ ಸಾಲಿನಲ್ಲಿ ಕೂಡ ಜನ ಅವಳನ್ನು ಕಂಡರೆ 'ಹೂಂ' ಎನ್ನುತ್ತಿದ್ದರು. ಅವಳ ಹೆಸರು ಅವರಿಗೆ ಬೇಕಿರಲಿಲ್ಲ. ಬಾಯಲ್ಲಿ ಪಲಾವು ತುಂಬಿಕೊಂಡು ಹೂಂ ಎನ್ನುವ ಆ ಮುಖಗಳನ್ನು ನೋಡಿ ಅವಳಿಗೆ ಹೇಸಿಗೆಯಾಗುತ್ತಿತ್ತು.

ರಾಜಕುಮಾರಿಗೆ ಮುಂದೇನಾಯಿತು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಬ್ಬನೇ.

*

ಮರುವರ್ಷ ಇಂಟರ್ನೆಟ್ಟಿನ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಶೇಷಗಿರಿ ಕೂದಲು ಕತ್ತರಿಸಿಕೊಂಡ. ಕಾಫಿ ಅಂಗಡಿಯೂ ಮುಚ್ಚಲಿದೆ, ಬರುವ ಶನಿವಾರದ್ದೇ ಕೊನೆಯ ಹಾಡು ಎಂದು ಜಯರಾಮ್ ಫೋನಿನಲ್ಲಿ ತಿಳಿಸಿದರು. ಮಾತಿನ ಕೊನೆಗೆ ಇನ್ನೊಂದು ಸುದ್ದಿಯನ್ನೂ ಸೇರಿಸಿದರು. ಕೊಡೆಯ ಕಂಪನಿ ಮುಳುಗಿತು, ತೇಜಸ್ವಿಗೆ ದೂರದ ಮರುಭೂಮಿಯ ಫೀನಿಕ್ಸ್‌ನಲ್ಲಿ ಕೆಲಸ ಸಿಕ್ಕಿದೆ, ಭಾನುವಾರ ಹೊರಡುತ್ತಾನೆ.

"ಒಳ್ಳೆಯದಾಯಿತು," ಎಂದಳು ನಿಶ್ಮಿತಾ. ಫೋನಿಟ್ಟ ಮೇಲೆ ಭಾನುವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಬೆರಳಲ್ಲಿ ಎಣಿಸಿದಳು.

ಶುಕ್ರವಾರ ಸಂಜೆ ಮೈಕಿನ ಕೇಬಲ್ ತೆಗೆದುಕೊಳ್ಳಲು ಅವಳು ಜಯರಾಮ್ ಮನೆಗೆ ಹೋದಳು. ಅವರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಮಂಡ್ಯ ಕಡೆಯ ಊರಿನಿಂದ ಬಂದಿದ್ದ ಅವರ ತಾಯಿ ಬೋರಮ್ಮ ಸೋಫಾದ ಮೇಲೆ ಕಾಲು ಮಡಿಸಿ ಕೂತು ಮೊಮ್ಮಕ್ಕಳಿಗೆ ಕತೆ ಹೇಳುತ್ತಿದ್ದರು. ಮಕ್ಕಳು ಸುಮ್ಮನೆ ಕೂತು ಕೇಳುತ್ತಿದ್ದವು. ತನ್ನ ಅಜ್ಜಿ ಇದ್ದಿದ್ದರೆ ಮೆಚ್ಚುತ್ತಿದ್ದರು ಎನಿಸಿತು ನಿಶ್ಮಿತಾಳಿಗೆ.

ಬೋರಮ್ಮ ಮಾತ್ರ ತಟ್ಟನೆ ಕತೆ ನಿಲ್ಲಿಸಿಬಿಟ್ಟರು.

"ನಾ ಯೋಳಾಕಿಲ್ಲ, ಓಗ್ರಪ್ಪ. ಹೂಂ ಅನ್ನೋರಿಲ್ದೆ ಕತೆ ಯೋಳೋದು ಎಂಗೆ?"

"ವೀ ಆರ್ ಲಿಸನಿಂಗ್, ಅಜ್ಜಿ," ಎಂದಿತು ಒಂದು ಮಗು.

ನಿಶ್ಮಿತಾ ಸೋಫಾದ ಹತ್ತಿರ ಬಂದಳು. "ಹೂಂ ಅನ್ನಬೇಕಾ ಅಮ್ಮಾ? ಕತೆಯ ನಡುವೆ?"

"ಮತ್ತೆ? ಹೂಂ ಅಂದ್ರೆ ತಾನೆ ಕತೆ ಮುಂದುಕ್ಕೆ ಕಾಲಿಡೋದು. ಅನ್ನದೆ ಕುಂತ್ರೆ, ನಿನ್ ಕತೆ ನಂಗ್ ಬ್ಯಾಡ ಅಂತ ಮಕಕ್ಕೆ ಒಡದಂಗೆ." ಬೋರಮ್ಮ ನಿಟ್ಟುಸಿರಿಟ್ಟರು. "ನಮ್ ತೇಜಸ್ವಿ ಎಷ್ಟ್ ಚೆಂದಾಗಿ ಹೂಂಗುಡೋನು ಅಂತೀಯ. ಅಡಿಗೆಮನೇಲಿ ಪಾತ್ರೆ ತೊಳೀತಾನೂ ಹೂಂ ಅನ್ನೋನು. ಈಗ ಅವ್ನೂ ಬಾಯ್ ಮುಚ್ಕಂಡವ್ನೆ. ಯಾವಳೋ ಅದ್ನೇ ಹಾಡ್ ಕಟ್ಟಿ ಆಡ್ಕಂಡ್ಲಂತೆ. ಅವಳ ಬಾಯಿಗೆ ಮಣ್ಣಾಕ."

ನಿಶ್ಮಿತಾಳ ಬಾಯಿಗೆ ಆಗಲೇ ಮಣ್ಣು ಬಿದ್ದಿತ್ತು.

ಮೂರು ಸಾಲಿಗೆ ಮೂರು ಹೂಂ. ನಗುವವರ ನಡುವೆ ಕೂತು, ಅವಳ ರಾಜಕುಮಾರಿಯನ್ನು ಒಬ್ಬನೇ ಮುಂದಕ್ಕೆ ನಡೆಸಿದ್ದ... ತಾನು ಅವನ ತಲೆಯನ್ನು ತಟ್ಟಿ ನೋಡಿದ್ದಳು. ತಪ್ಪು ಹುಡುಕುವ ಗಟ್ಟಿಗಿತ್ತಿ! ಜೀವಮಾನದಲ್ಲಿ ಅವಳು ಅಷ್ಟು ತಾತ್ಸಾರದಿಂದ ಯಾರನ್ನೂ ನೋಡಿರಲಿಲ್ಲ, ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖವನ್ನು ನೋಡಿದಷ್ಟು.

ಅಂದೇ ತೇಜಸ್ವಿಗೆ ಫೋನು ಮಾಡಿದಳು. ಅವನ ಲೈನು ಆಗಲೇ ಕಡಿದಿತ್ತು. ಶನಿವಾರ ಹೇಗಾದರೂ ಅವನನ್ನು ಕರೆತರಬೇಕೆಂದು ಜಯರಾಮ್‌ರನ್ನು ಬೇಡಿಕೊಂಡಳು. ಸಾಮಾನು ಕಟ್ಟುತ್ತಿದ್ದಾನೆ, ಬರುವುದು ಅನುಮಾನ ಎಂದರು ಅವರು.

*

ಕೊನೆಯ ಶನಿವಾರ ಅಂಗಡಿ ತುಂಬಿತ್ತು. ಮೂಲೆಯ ಕುರ್ಚಿ ಖಾಲಿ.

ನಿಶ್ಮಿತಾ ಮೈಕಿನ ಮುಂದೆ ಬಂದಕೂಡಲೇ ಜನ 'ಹೂಂ, ಹೂಂ' ಎಂದು ಮೇಜು ಬಡಿದರು. ಗೂಳಿಯ ಹಾಡು ಬೇಕಿತ್ತು ಅವರಿಗೆ. ಅವಳು ಗದ್ದಲ ತಗ್ಗುವವರೆಗೂ ನಿಂತಿದ್ದು, ಬೇರೆಯೇ ಶುರು ಮಾಡಿದಳು.

"ನೆರಳ ಕಳೆದುಕೊಂಡಳೋ ರಾಯನ ಮಗಳು..."

ನಿಲ್ಲಿಸಿದಳು. ಶೇಷಗಿರಿ ಗೂಳಿಯಂತೆ 'ಹೂಂ' ಎಂದ. ಒಂದಿಷ್ಟು ಜನ ನಕ್ಕರು.

"ಅದಲ್ಲ," ಎಂದಳು. "ನಿನ್ನದಲ್ಲ."

ಆಗ ಬಾಗಿಲು ತೆರೆಯಿತು. ಜಯರಾಮ್‌ಗೆ ಹಿಂದಿರುಗಿಸಬೇಕಿದ್ದ ಸ್ಪೀಕರನ್ನು ಎರಡೂ ಕೈಯಲ್ಲಿ ಹೊತ್ತು ತೇಜಸ್ವಿ ಒಳಗೆ ಬಂದ. ಅವಳನ್ನು ಕಂಡು ಬಾಗಿಲಲ್ಲೇ ನಿಂತ.

ನಿಶ್ಮಿತಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕತೆಯ ನಡುವೆ ಬಾಯಿ ತೆರೆದರೆ ರಾಜಕುಮಾರಿ ಕಲ್ಲಾಗ್ತಾಳೆ ಅಂತ ನನ್ನ ಅಜ್ಜಿ ಹೇಳ್ತಿದ್ರು," ಎಂದಳು. "ಮಂಡ್ಯದ ರಾಜಕುಮಾರಿಯರು ಹೂಂ ಅನ್ನದಿದ್ರೆ ನಡೆಯುವುದೇ ಇಲ್ಲ ಅಂತ ನನಗೆ ಗೊತ್ತಿರಲಿಲ್ಲ. ನನ್ನವಳು ಒಂದು ವರ್ಷದಿಂದ ಆಲದ ಮರದ ಹತ್ತಿರವೇ ನಿಂತಿದ್ದಾಳೆ. ಕಲ್ಲು ಮಾಡಿದ್ದು ನೀವಲ್ಲ, ನಾನು."

ಅವಳು ಹಾಡಿದಳು.

"ಆಲವ ಕೇಳಿದಳು, ನನ್ನ ನೆರಳೇ ನನಗೆ ಸಾಲದೆಂದಿತಲ್ಲ..."

ಕಾದಳು. ಏನೂ ಕೇಳಿಸಲಿಲ್ಲ. ತೇಜಸ್ವಿ ಸ್ಪೀಕರನ್ನು ಮೆಲ್ಲಗೆ ನೆಲಕ್ಕಿಟ್ಟ. ಹೋಗಿಬಿಡುತ್ತಾನೆ ಎಂದುಕೊಂಡಳು... ಕಣ್ಣು ಮುಚ್ಚಿದಳು.

"ಹೂಂ."

ಮೆಲ್ಲನೆಯ, ಒಡೆದ ದನಿ.

ರಾಯನ ಮಗಳು ಒಂದು ಹೆಜ್ಜೆ ಮುಂದಿಟ್ಟಳು. ಹೂಂ. ಬೆಟ್ಟ ಹತ್ತಿದಳು. ಹೂಂ. ಈ ಸಲ ಯಾರೂ ನಗಲಿಲ್ಲ. ಕೊನೆಯ ಚರಣದಲ್ಲಿ ಬೆಟ್ಟದ ಮೇಲೆ ಕುರಿ ಕಾಯುವವನೊಬ್ಬ ಕೂತಿದ್ದ. ಅವಳ ನೆರಳು ಅವನಿಗೆ ಎಂದೋ ಸಿಕ್ಕಿತ್ತು. ಬಿಸಿಲಿಗೆ ಮಾಸಬಾರದೆಂದು ಅದನ್ನು ಮಡಿಸಿ, ಕಂಬಳಿಯ ಒಳಗಿಟ್ಟು ಕಾಪಾಡಿಕೊಂಡು ಬಂದಿದ್ದ.

*

ಸಂಜೆಯ ಬಿಸಿಲಿನಲ್ಲಿ ಇಬ್ಬರೂ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು.

"ಮೊದಲ ದಿನವೇ ಹೇಳಬಹುದಿತ್ತಲ್ಲ ನೀವು," ಎಂದಳು ಅವಳು.

"ನೀವು ಕೇಳಿದ್ದು ಯಾರು ಅಂತ ಮಾತ್ರ. ಯಾಕೆ ಅಂತ ಕೇಳ್ಲಿಲ್ಲ."

"ಫೀನಿಕ್ಸ್‌ನಲ್ಲಂತೂ ಮಳೆಯೇ ಇಲ್ಲ."

"ಅಲ್ಲಿ ಕೊಡೆ ಮಾರಲ್ಲ ಕಣ್ರೀ, ಬ್ಯಾಂಕಿನ ಕೆಲಸ. ವೀಸಾ ಉಳೀಬೇಕಲ್ಲ, ಹೋಗ್ಲೇಬೇಕು." ಅವನು ತನ್ನ ಕೈ ನೋಡಿಕೊಂಡ. "ವಾರದ ಹಾಡನ್ನ ಫೋನಲ್ಲಿ ಹಾಡಿದ್ರೆ, ಅಲ್ಲಿಂದ ಹೂಂ ಅಂತೀನಿ."

"ನಿಮ್ಮ ಫ್ರೀವೇ ಹಾಡುಗಳು ಈಗಲೂ ಕೆಟ್ಟದಾಗೇ ಉಂಟು."

"ಹೂಂ."

"ಕೊಡೆಯ ಹಾಡಿಗೆ ಮಾತ್ರ ನನಗೆ ಅಳು ಬಂದಿತ್ತು."

"ಹೂಂ."

"ನನಗೆ ನೀವು ಇಷ್ಟ, ತೇಜಸ್ವಿ."

ಈಗ ಅವನು ಏನೂ ಅನ್ನಲಿಲ್ಲ. ದೂರದಲ್ಲಿ ರೈಲಿನ ಗಂಟೆ ಮೊಳಗತೊಡಗಿತು.

"ಹೂಂ ಅನ್ನಿ ಮಾರಾಯ್ರೆ..."

"ಅನ್ನಲ್ಲ," ಎಂದ ಅವನು, ಅವಳ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಸೇರಿಸಿಕೊಳ್ಳುತ್ತ. "ಅಂದ್ರೆ ಕತೆ ಮುಂದಕ್ಕೆ ಹೋಗ್ಬಿಡುತ್ತೆ. ಸ್ವಲ್ಪ ಹೊತ್ತು ಇಲ್ಲೇ ಇರ್ಲಿ."

ನಿಶ್ಮಿತಾ ಅವನ ಹೆಗಲಿಗೆ ಒರಗಿದಳು. ಆಮೇಲೆ, ಬದುಕಿನಲ್ಲಿ ಮೊದಲ ಸಲ, ಕತೆಯ ನಡುವೆ ಬಾಯಿ ತೆರೆದಳು.

"ಹೂಂ."